ವಕೀಲರನ್ನು ವಿಚಾರಿಸುವ ವಕೀಲರು: ರಾಜ್ಯ ವಕೀಲರ ಪರಿಷತ್ತಿನ ಸದಸ್ಯರು ಮಾಡುವ ಕೆಲಸವೇನು?

ರಾಜ್ಯ ವಕೀಲರ ಪರಿಷತ್ತಿನ ಚುನಾವಣೆ ಬಂತೆಂದರೆ ಕೊಡಗಿನ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಪೊನ್ನಂಪೇಟೆ ಕೋರ್ಟುಗಳ ಆವರಣಕ್ಕೆ ಹೊರ ಜಿಲ್ಲೆಗಳ ಅಭ್ಯರ್ಥಿಗಳೂ ಬಂದು ಮತ ಕೇಳುತ್ತಾರೆ. ಕೇಸಿಗೆಂದು ಬಂದು ಜಗಲಿಯಲ್ಲಿ ಕಾಯುತ್ತಿರುವ ಕಕ್ಷಿದಾರರು ಇದು ವಕೀಲರ ಒಳಗಿನ ವ್ಯವಹಾರ ಎಂದುಕೊಂಡು ಸುಮ್ಮನಾಗುತ್ತಾರೆ. ಆದರೆ ಕೊಟ್ಟ ಹಣಕ್ಕೆ ಲೆಕ್ಕ ಕೊಡದ, ದಾವೆ ಹೂಡದೆಯೇ ಹೂಡಿದ್ದೇನೆಂದು ನಂಬಿಸಿದ, ಕಡತ ವಾಪಸ್ ಕೊಡದ ವಕೀಲರನ್ನು ವಿಚಾರಿಸುವ ಮೊದಲ ಅಧಿಕಾರ ಇರುವುದು ಹೀಗೆ ಗೆದ್ದು ಹೋದವರ ಕೈಯಲ್ಲೇ. ಅವಧಿ ಮುಗಿದರೂ ನಡೆಯದೆ ಉಳಿದಿದ್ದ ಪರಿಷತ್ ಚುನಾವಣೆಗಳನ್ನು ಹಂತ ಹಂತವಾಗಿ ಮುಗಿಸುವಂತೆ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲಂತೂ ಈ ಪರಿಷತ್ತು ಏನು, ಅಲ್ಲಿಗೆ ಹೋದವರು ಏನು ಮಾಡಬೇಕು ಎಂದು ಕೇಳುವವರು ಹೆಚ್ಚಿದ್ದಾರೆ.

ತಮ್ಮವರನ್ನು ತಾವೇ ನಿಯಂತ್ರಿಸುವುದು

ಕೆಲವು ವೃತ್ತಿಗಳಲ್ಲಿ ಯಾರು ಒಳಗೆ ಬರಬಹುದು, ಹೇಗೆ ನಡೆದುಕೊಳ್ಳಬೇಕು, ತಪ್ಪಿದರೆ ಶಿಕ್ಷೆ ಏನು ಎಂಬುದನ್ನು ಆ ವೃತ್ತಿಯವರೇ ಆರಿಸಿದ ಮಂಡಳಿ ತೀರ್ಮಾನಿಸುತ್ತದೆ. ಇದಕ್ಕೆ ಸ್ವಯಂ ನಿಯಂತ್ರಣ ಎನ್ನುತ್ತಾರೆ. ವಕೀಲಿಕೆಗೆ ಈ ಅಧಿಕಾರ ಕೊಟ್ಟದ್ದು 1961ರ ವಕೀಲರ ಕಾಯ್ದೆ. ಅದರಂತೆ ರಾಜ್ಯ ಮಟ್ಟದಲ್ಲಿ ಪರಿಷತ್ತುಗಳು, ಎಲ್ಲಕ್ಕೂ ಮೇಲೆ ದೆಹಲಿಯಲ್ಲಿ ಭಾರತೀಯ ವಕೀಲರ ಪರಿಷತ್ತು. ಕೊಡಗಿನ ವಕೀಲರ ಹೆಸರುಗಳಿರುವುದು ಬೆಂಗಳೂರಿನಲ್ಲಿ ಕಚೇರಿ ಇರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ಪಟ್ಟಿಯಲ್ಲಿ.

ಸರ್ಕಾರವೇ ಏಕೆ ಈ ಕೆಲಸ ಮಾಡುವುದಿಲ್ಲ? ಎರಡು ಕಾರಣ. ಅರಣ್ಯ ಇಲಾಖೆಯ ವಿರುದ್ಧವೋ ಕಂದಾಯ ಇಲಾಖೆಯ ವಿರುದ್ಧವೋ ವಾದಿಸುವ ವಕೀಲರ ಸನ್ನದು (ವಕೀಲಿಕೆಯ ಪರವಾನಗಿ) ಅದೇ ಸರ್ಕಾರದ ಕೈಯಲ್ಲಿದ್ದರೆ ಅವರು ನಿರ್ಭಯವಾಗಿ ವಾದಿಸುವುದು ಕಷ್ಟ. ಎರಡನೆಯದಾಗಿ, ಒಬ್ಬ ವಕೀಲ ಮಾಡಿದ್ದು ವೃತ್ತಿಯಲ್ಲಿ ಸಹಜವಾದ ಲೆಕ್ಕಾಚಾರದ ತಪ್ಪೋ ಅಥವಾ ಮೋಸವೋ ಎಂಬುದನ್ನು ಅದೇ ಕೆಲಸ ಮಾಡಿದವರು ಬೇಗ ಗುರುತಿಸಬಲ್ಲರು. ಇದರ ಇನ್ನೊಂದು ಮುಖವೂ ಇದೆ: ತಮ್ಮವರನ್ನು ತಾವೇ ವಿಚಾರಿಸುವಾಗ ಹೊರಗಿನವರಿಗೆ ಅನುಮಾನ ಬರುವುದು ಸಹಜ.

ಈ ಅಧಿಕಾರ ಕಾಯ್ದೆಯಿಂದ ಬಂದದ್ದು, ಕಾಯ್ದೆಯಿಂದಲೇ ಹೋಗಲೂಬಹುದು. ವೈದ್ಯರ ಮಟ್ಟಿಗೆ ಹಾಗೆಯೇ ಆಯಿತು. ಬಹುಪಾಲು ಚುನಾಯಿತರಿದ್ದ ಭಾರತೀಯ ವೈದ್ಯಕೀಯ ಮಂಡಳಿಯ ಜಾಗಕ್ಕೆ, 2019ರ ಕಾಯ್ದೆಯ ಮೂಲಕ, 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು.

ಸಂಘ ಬೇರೆ, ಪರಿಷತ್ತು ಬೇರೆ

ಇವೆರಡನ್ನೂ ಜನ ಒಂದೇ ಎಂದು ತಿಳಿಯುವುದುಂಟು. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಇರುವ ವಕೀಲರ ಸಂಘ ಆಯಾ ಕೋರ್ಟಿನಲ್ಲಿ ಕೆಲಸ ಮಾಡುವವರು ಕೂಡಿ ಕಟ್ಟಿಕೊಂಡದ್ದು. ಗ್ರಂಥಾಲಯ, ಕುಳಿತುಕೊಳ್ಳುವ ಕೊಠಡಿ, ಸದಸ್ಯರ ಕಷ್ಟಸುಖ ಅದರ ವ್ಯಾಪ್ತಿ. ಸಂಘದ ಅಧ್ಯಕ್ಷರಿಗೆ ದೂರು ಕೊಟ್ಟರೆ ಅವರು ಕರೆದು ಬುದ್ಧಿ ಹೇಳಬಹುದು, ರಾಜಿ ಮಾಡಿಸಬಹುದು. ಸನ್ನದನ್ನು ಮುಟ್ಟಲು ಅವರಿಗೆ ಅಧಿಕಾರವಿಲ್ಲ. ಅದು ಇರುವುದು ಪರಿಷತ್ತಿಗೆ ಮಾತ್ರ. ಸಂಘಕ್ಕೆ ಕೊಟ್ಟ ಅರ್ಜಿ ಪರಿಷತ್ತಿಗೆ ಕೊಟ್ಟ ದೂರಾಗುವುದಿಲ್ಲ.

ಗ್ರಾಹಕರ ಆಯೋಗಕ್ಕೆ ಹೋಗೋಣವೆಂದರೆ ಆ ದಾರಿಯೂ ಈಗ ಇಲ್ಲ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬರುವುದಿಲ್ಲವೆಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಹಾಗಾಗಿ ಪರಿಷತ್ತಿನ ಬಾಗಿಲಿಗೆ ಮೊದಲಿಗಿಂತ ಹೆಚ್ಚಿನ ಮಹತ್ವ ಬಂದಿದೆ.

ಪರಿಷತ್ತಿನಲ್ಲಿ ಯಾರಿರುತ್ತಾರೆ

ಪಟ್ಟಿಯಲ್ಲಿ 5,000ದವರೆಗೆ ವಕೀಲರಿದ್ದರೆ 15 ಸದಸ್ಯರು, 10,000ದವರೆಗೆ ಇದ್ದರೆ 20, ಅದಕ್ಕೂ ಮೀರಿದರೆ 25. ಕರ್ನಾಟಕದ್ದು 25ರ ಪರಿಷತ್ತು. ಇವರಲ್ಲಿ ಸುಮಾರು ಅರ್ಧದಷ್ಟು ಮಂದಿ ಪಟ್ಟಿಗೆ ಸೇರಿ ಕನಿಷ್ಠ 10 ವರ್ಷ ಆದವರಾಗಿರಬೇಕು. ರಾಜ್ಯ ಸರ್ಕಾರದ ಪ್ರಧಾನ ವಕೀಲರಾದ ಅಡ್ವೊಕೇಟ್ ಜನರಲ್ ಹುದ್ದೆಯ ಕಾರಣದಿಂದಲೇ ಸದಸ್ಯರು. ಅಧ್ಯಕ್ಷರನ್ನೂ ಉಪಾಧ್ಯಕ್ಷರನ್ನೂ ಸದಸ್ಯರೇ ಆರಿಸಿಕೊಳ್ಳುತ್ತಾರೆ. ದೆಹಲಿಯ ಪರಿಷತ್ತಿಗೆ ತಮ್ಮಲ್ಲೇ ಒಬ್ಬರನ್ನು ಆರಿಸಿ ಕಳಿಸುತ್ತಾರೆ. ಅವಧಿ 5 ವರ್ಷ.

ಮಹಿಳೆಯರ ಸಂಖ್ಯೆ ಈ ಪರಿಷತ್ತುಗಳಲ್ಲಿ ಬಹಳ ಕಾಲ ಬೆರಳೆಣಿಕೆಯಷ್ಟೇ ಇತ್ತು. ರಾಜ್ಯ ಪರಿಷತ್ತುಗಳಲ್ಲಿ ಶೇ 30ರಷ್ಟು ಮಹಿಳಾ ಪ್ರಾತಿನಿಧ್ಯ ಇರಬೇಕು, ಸದ್ಯಕ್ಕೆ ಶೇ 20 ಚುನಾವಣೆಯಿಂದ, ಶೇ 10 ಸಹ ಆಯ್ಕೆಯಿಂದ ತುಂಬಬಹುದು ಎಂದು ಸುಪ್ರೀಂ ಕೋರ್ಟ್ 2025ರ ಡಿಸೆಂಬರ್‌ನಲ್ಲಿ ಹೇಳಿದೆ. ಸಹ ಆಯ್ಕೆ ಎಂದರೆ ಮತದಾನವಿಲ್ಲದೆ ಸೇರಿಸಿಕೊಳ್ಳುವುದು. ತಾಲ್ಲೂಕು ಕೋರ್ಟುಗಳಲ್ಲಿ ಕೆಲಸ ಮಾಡುವ ಮಹಿಳಾ ವಕೀಲರಿಗೆ ಇದು ನಿಜವಾದ ಅವಕಾಶ.

ಒಂದೇ ಮತ, ಹಲವು ಆಯ್ಕೆ

ಈ ಚುನಾವಣೆ ಶಾಸಕರ ಚುನಾವಣೆಯಂತಲ್ಲ. ಇಡೀ ರಾಜ್ಯವೇ ಒಂದು ಕ್ಷೇತ್ರ, ಜಿಲ್ಲೆಗೊಂದು ಸ್ಥಾನ ಎಂಬುದಿಲ್ಲ. ಮತದಾರರು ಹೆಸರುಗಳ ಮುಂದೆ 1, 2, 3 ಎಂದು ತಮ್ಮ ಆದ್ಯತೆ ಬರೆಯುತ್ತಾರೆ. ಗೆಲ್ಲಲು ಬೇಕಾದ ಕನಿಷ್ಠ ಮತವನ್ನು ಕೋಟಾ ಎನ್ನುತ್ತಾರೆ. ಲೆಕ್ಕ ಹೀಗೆ: ಸಿಂಧುವಾದ ಮತಗಳನ್ನು ಸ್ಥಾನಗಳಿಗಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಭಾಗಿಸಿ, ಬಂದದ್ದಕ್ಕೆ ಒಂದು ಕೂಡಿಸಬೇಕು. ಉದಾಹರಣೆಗೆ 52,000 ಸಿಂಧು ಮತ, 25 ಸ್ಥಾನ ಎಂದಿಟ್ಟುಕೊಂಡರೆ 52,000 ಭಾಗಿಸು 26, ಅಂದರೆ 2,000, ಕೋಟಾ 2,001.

ಮುಂದಿನದು ನಮ್ಮ ಕಣಿವೆಯ ಗದ್ದೆಗಳಲ್ಲಿ ನೀರು ಹರಿಯುವ ಹಾಗೆ. ಮೇಲಿನ ಗದ್ದೆ ತುಂಬಿದ ಮೇಲೆ ಹೆಚ್ಚಿನ ನೀರು ಬದು ಒಡೆದು ಪೋಲಾಗದೆ ತೂಬಿನಿಂದ ಕೆಳಗಿನ ಗದ್ದೆಗೆ ಇಳಿಯುತ್ತದೆ. ಕೋಟಾಕ್ಕಿಂತ ಹೆಚ್ಚು ಮತ ಪಡೆದವರ ಹೆಚ್ಚುವರಿ ಮತಗಳೂ ಅದೇ ರೀತಿ ಆ ಮತಪತ್ರಗಳಲ್ಲಿ 2 ಎಂದು ಬರೆಸಿಕೊಂಡವರಿಗೆ ಹೋಗುತ್ತವೆ. ತೀರಾ ಕಡಿಮೆ ಮತ ಪಡೆದವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು, ಅವರ ಮತಗಳನ್ನೂ ಮುಂದಿನ ಆದ್ಯತೆಯವರಿಗೆ ವರ್ಗಾಯಿಸುತ್ತಾರೆ. ಎಲ್ಲ ಸ್ಥಾನ ತುಂಬುವ ತನಕ ಇದೇ ನಡೆಯುತ್ತದೆ. ಎಣಿಕೆ ದಿನಗಟ್ಟಲೆ ಎಳೆಯುವುದು ಇದರಿಂದ.

ಕೊಡಗಿಗೆ ಇದರ ಅರ್ಥ ಸ್ಪಷ್ಟ. ಜಿಲ್ಲೆಯ ವಕೀಲರೆಲ್ಲ ಒಬ್ಬರಿಗೇ ಮೊದಲ ಆದ್ಯತೆ ಕೊಟ್ಟರೂ ಅಷ್ಟರಿಂದಲೇ ಕೋಟಾ ಮುಟ್ಟುವುದು ಕಷ್ಟ. ಮೈಸೂರು, ಹಾಸನ, ದಕ್ಷಿಣ ಕನ್ನಡದ ಕೋರ್ಟುಗಳಿಂದ ಎರಡನೆಯ, ಮೂರನೆಯ ಆದ್ಯತೆ ಬಂದರೆ ಮಾತ್ರ ಸಣ್ಣ ಜಿಲ್ಲೆಯವರು ದಡ ಸೇರಬಹುದು. ಮತದಾರರ ಕಡೆಯಿಂದ ಆಗುವ ತಪ್ಪುಗಳೂ ಇವೆ. 1 ಎಂದು ಎಲ್ಲಿಯೂ ಬರೆಯದಿದ್ದರೆ, ಅಥವಾ ಇಬ್ಬರ ಮುಂದೆ 1 ಬರೆದರೆ ಮತ ಅಸಿಂಧು. ಒಬ್ಬರಿಗೆ ಮಾತ್ರ 1 ಬರೆದು ಬಿಟ್ಟರೆ ಮತ ಸಿಂಧುವೇ, ಆದರೆ ಅವರು ಕಣದಿಂದ ಹೊರಬಿದ್ದ ಕೂಡಲೇ ಆ ಮತ ಮುಂದೆ ಎಲ್ಲಿಗೂ ಹೋಗದೆ ಅಲ್ಲೇ ನಿಲ್ಲುತ್ತದೆ.

ಹಣದ ಮಾತು ಬಿಡುವಂತಿಲ್ಲ. ನಾಮಪತ್ರದ ಶುಲ್ಕವನ್ನು ಭಾರತೀಯ ವಕೀಲರ ಪರಿಷತ್ತು 2025ರಲ್ಲಿ 1.25 ಲಕ್ಷ ರೂಪಾಯಿಗೆ ಏರಿಸಿತು. ಸೋತರೂ ಗೆದ್ದರೂ ಅದು ವಾಪಸ್ ಬರುವುದಿಲ್ಲ. ಮುನ್ಸಿಫ್ ಕೋರ್ಟಿನ ಆದಾಯದಲ್ಲಿ ಬದುಕುವ ವಕೀಲರಿಗೆ ಇದು ದೊಡ್ಡ ಮೊತ್ತ.

ಗೆದ್ದ ಮೇಲೆ ಕಾದಿರುವ ಕೆಲಸ

ಸದಸ್ಯರಿಗೆ ಸಂಬಳವಿಲ್ಲ. ಸಭೆಗೆ ಬಂದುಹೋಗುವ ಭತ್ಯೆ ಸಿಗಬಹುದು, ಅದು ಕಳೆದುಹೋದ ದಿನದ ದುಡಿಮೆಗೆ ಸಮವಲ್ಲ. ಕೆಲಸ ಮುಖ್ಯವಾಗಿ ಸಮಿತಿಗಳಲ್ಲಿ ನಡೆಯುತ್ತದೆ. ಐದು ಜನರ ಕಾರ್ಯಕಾರಿ ಸಮಿತಿ ಹಣಕಾಸು ಮತ್ತು ಆಡಳಿತ ನೋಡುತ್ತದೆ. ಮೂವರ ನೋಂದಣಿ ಸಮಿತಿ ಹೊಸಬರ ಅರ್ಜಿ ಪರಿಶೀಲಿಸುತ್ತದೆ. ಅರ್ಜಿ ತಿರಸ್ಕರಿಸುವ ಅಭಿಪ್ರಾಯವಿದ್ದರೆ ಸಮಿತಿ ತಾನೇ ಮುಗಿಸುವಂತಿಲ್ಲ, ಕಾರಣ ಬರೆದು ಭಾರತೀಯ ಪರಿಷತ್ತಿನ ಅಭಿಪ್ರಾಯ ಕೇಳಬೇಕು. ನೋಂದಣಿ ಶುಲ್ಕದ ವಿಷಯದಲ್ಲಿ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕಡಿವಾಣ ಹಾಕಿತು: ಕಾಯ್ದೆಯಲ್ಲಿರುವಂತೆ ಸಾಮಾನ್ಯ ವರ್ಗಕ್ಕೆ ಒಟ್ಟು 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ, ಅದಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. ಹೊಸಬರಿಗೆ ಇದು ಒಳ್ಳೆಯದಾಯಿತು. ಹೆಚ್ಚುವರಿ ಶುಲ್ಕದ ಮೇಲೆ ನಿಂತಿದ್ದ ಪರಿಷತ್ತುಗಳ ಬಜೆಟ್ಟನ್ನು ಸರಿದೂಗಿಸುವ ಹೊಣೆ ಸದಸ್ಯರ ಮೇಲೆ ಬಿತ್ತು. ವಕೀಲರ ಕಲ್ಯಾಣ ನಿಧಿಯ ಕೆಲಸ ಬೇರೆ ಇದೆ. ಅದಕ್ಕೆ ಕರ್ನಾಟಕದಲ್ಲಿ 1983ರ ಪ್ರತ್ಯೇಕ ಕಾಯ್ದೆಯಿದ್ದು, ವಕಾಲತ್ತಿಗೆ (ಕಕ್ಷಿದಾರರು ವಕೀಲರನ್ನು ನೇಮಿಸಿ ಸಹಿ ಹಾಕುವ ಪತ್ರಕ್ಕೆ) ಹಚ್ಚುವ ಕಲ್ಯಾಣ ನಿಧಿಯ ಸ್ಟ್ಯಾಂಪು ಅದರದ್ದೇ.

ಇವೆಲ್ಲಕ್ಕಿಂತ ಭಾರವಾದದ್ದು ಶಿಸ್ತು ಸಮಿತಿ. ಅದರಲ್ಲಿ ಮೂವರು: ಪರಿಷತ್ತಿನಿಂದ ಇಬ್ಬರು, ಪರಿಷತ್ತಿನ ಸದಸ್ಯರಲ್ಲದ, ಕನಿಷ್ಠ 10 ವರ್ಷ ಆದ ವಕೀಲರೊಬ್ಬರು. ಮೂವರಲ್ಲಿ ಹಿರಿಯರು ಅಧ್ಯಕ್ಷರು. ಸಾಕ್ಷಿಗಳನ್ನು ಕರೆಸುವುದು, ದಾಖಲೆ ತರಿಸುವುದು, ಪ್ರಮಾಣ ಮಾಡಿಸಿ ಹೇಳಿಕೆ ಪಡೆಯುವುದು, ಇವುಗಳಲ್ಲಿ ಸಮಿತಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ.

ಒಂದು ದೂರು ಸಾಗುವ ದಾರಿ

ಸೋಮವಾರಪೇಟೆ ಕಡೆಯ ಒಬ್ಬ ಬೆಳೆಗಾರರು ಆಸ್ತಿ ಪಾಲಿನ ದಾವೆ ಹೂಡಲು ವಕೀಲರಿಗೆ ಹಣ ಕೊಟ್ಟರು ಎಂದುಕೊಳ್ಳಿ. ಪ್ರತಿ ಸಲವೂ 'ಮುಂದಿನ ತಿಂಗಳು ಡೇಟ್ ಇದೆ' ಎಂಬ ಉತ್ತರ. ಕೊನೆಗೆ ಇ-ಕೋರ್ಟ್ಸ್ ಆ್ಯಪಿನಲ್ಲಿ ತಮ್ಮ ಹೆಸರು ಹುಡುಕಿದರೆ ಅಂಥ ದಾವೆಯೇ ಇಲ್ಲ. ಹೂಡಿದ ಪ್ರತಿ ಪ್ರಕರಣಕ್ಕೂ 16 ಅಕ್ಷರಾಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಕೊಡದೆ ಸತಾಯಿಸುವುದೇ ಎಚ್ಚರಿಕೆಯ ಗಂಟೆ.

ದೂರನ್ನು ಕನ್ನಡದಲ್ಲೇ ಬರೆಯಬಹುದು. ಭಾರತೀಯ ಪರಿಷತ್ತಿನ ನಿಯಮ ರಾಜ್ಯಭಾಷೆಯ ದೂರಿಗೆ ಅವಕಾಶ ಕೊಟ್ಟಿದೆ. ಕಡತ ದೆಹಲಿಗೆ ಹೋಗುವ ಪ್ರಸಂಗ ಬಂದರೆ ಇಂಗ್ಲಿಷಿಗೆ ಮಾಡಿಸುವುದು ರಾಜ್ಯ ಪರಿಷತ್ತಿನ ಕೆಲಸ, ದೂರುದಾರರದ್ದಲ್ಲ. ಆದರೆ ಬಿಳಿ ಹಾಳೆಯ ಮೇಲೆ ಸಂಕಟ ತೋಡಿಕೊಂಡರೆ ಸಾಲದು. ದೂರು ಅರ್ಜಿಯ ರೂಪದಲ್ಲಿರಬೇಕು, ಸಹಿ ಇರಬೇಕು, ಸಿವಿಲ್ ದಾವಾಪತ್ರದಂತೆ ಕೊನೆಯಲ್ಲಿ ಸತ್ಯಾಪನೆ ಇರಬೇಕು: ಯಾವ ಯಾವ ಕಂಡಿಕೆ ನನಗೆ ಖುದ್ದಾಗಿ ಗೊತ್ತಿರುವುದು, ಯಾವುದು ಬೇರೆಯವರಿಂದ ತಿಳಿದು ನಿಜವೆಂದು ನಂಬಿರುವುದು, ಜೊತೆಗೆ ದಿನಾಂಕ ಮತ್ತು ಸ್ಥಳ. ನಿಗದಿತ ಶುಲ್ಕ ಕಟ್ಟಬೇಕು. ಹಣ ಕೊಟ್ಟದ್ದಕ್ಕೆ ರಸೀದಿ, ಬ್ಯಾಂಕ್ ಅಥವಾ ಯುಪಿಐ ದಾಖಲೆ, ವಾಟ್ಸ್ಆ್ಯಪ್ ಸಂದೇಶಗಳ ಪ್ರತಿ, ವಕಾಲತ್ತಿನ ಪ್ರತಿ ಲಗತ್ತಿಸಬೇಕು. ಇವುಗಳಲ್ಲಿ ಯಾವುದಾದರೂ ಬಿಟ್ಟುಹೋದರೆ ಕಾರ್ಯದರ್ಶಿ ಅದನ್ನು ಸರಿಪಡಿಸಲು ಹೇಳುತ್ತಾರೆ, ಅಷ್ಟರಲ್ಲಿ ವಾರಗಳು ಕಳೆಯುತ್ತವೆ.

ಮೊದಲು ದೂರನ್ನು ನೋಡುವುದು ಇಡೀ ಪರಿಷತ್ತು. ದುರ್ನಡತೆ ನಡೆದಿದೆ ಎಂದು ನಂಬಲು ಕಾರಣವಿದೆಯೇ ಎಂಬುದಷ್ಟೇ ಅಲ್ಲಿಯ ಪ್ರಶ್ನೆ. ವಕೀಲರ ಅಭಿಪ್ರಾಯವನ್ನೂ ಆಗ ಕೇಳಬಹುದು. ಕಾರಣವಿದ್ದರೆ ಕಡತ ಶಿಸ್ತು ಸಮಿತಿಗೆ ಹೋಗಲೇಬೇಕು. ದೂರೇ ಇಲ್ಲದಿದ್ದರೂ ಬೇರೆ ರೀತಿಯಿಂದ ತಿಳಿದ ಸಂಗತಿಯ ಮೇಲೆ ಪರಿಷತ್ತು ತಾನಾಗಿ ಕ್ರಮಕ್ಕೆ ಮುಂದಾಗಬಹುದು.

ಸಮಿತಿ ವಕೀಲರಿಗೂ ಅಡ್ವೊಕೇಟ್ ಜನರಲ್‌ಗೂ ನೋಟಿಸ್ ಕಳಿಸುತ್ತದೆ. ವಿಚಾರಣೆ ಸಾಮಾನ್ಯವಾಗಿ ದಾಖಲೆ ಮತ್ತು ಪ್ರಮಾಣಪತ್ರಗಳ (ಅಫಿಡವಿಟ್) ಮೇಲೆ ನಡೆಯುತ್ತದೆ. ನ್ಯಾಯಕ್ಕೆ ಅಗತ್ಯವೆನಿಸಿದರೆ ಮಾತ್ರ ಪಾಟೀಸವಾಲು. ದೂರುದಾರರು ವಕೀಲರಿಲ್ಲದೆ ತಾವೇ ಹಾಜರಾಗಬಹುದು. ನಡುವೆ ರಾಜಿಯಾಯಿತು, ದೂರು ವಾಪಸ್ ಪಡೆಯುತ್ತೇನೆ ಎಂದರೂ ಅಷ್ಟರಿಂದಲೇ ವಿಚಾರಣೆ ಕೈಬಿಡುವಂತಿಲ್ಲ. ಇದು ಇಬ್ಬರ ನಡುವಿನ ವ್ಯಾಜ್ಯವಲ್ಲ, ಆ ವಕೀಲರ ಮುಂದಿನ ಕಕ್ಷಿದಾರರ ಪ್ರಶ್ನೆಯೂ ಹೌದು.

ಕೊನೆಗೆ ನಾಲ್ಕು ದಾರಿ: ದೂರು ವಜಾ, ಛೀಮಾರಿ, ಇಷ್ಟು ಅವಧಿಗೆ ಅಮಾನತು, ಅಥವಾ ಪಟ್ಟಿಯಿಂದ ಹೆಸರು ತೆಗೆಯುವುದು. ಅಮಾನತಾದವರು ಆ ಅವಧಿಯಲ್ಲಿ ದೇಶದ ಯಾವ ಕೋರ್ಟಿನಲ್ಲೂ ವಕೀಲಿಕೆ ಮಾಡುವಂತಿಲ್ಲ. ಹೋದ ಹಣ ಮಾತ್ರ ಇಲ್ಲಿ ವಸೂಲಾಗುವುದಿಲ್ಲ, ಅದಕ್ಕೆ ಸಿವಿಲ್ ಕೋರ್ಟಿಗೇ ಹೋಗಬೇಕು.

ಯಾವುದು ದುರ್ನಡತೆ, ಯಾವುದಲ್ಲ ಎಂಬುದನ್ನು ಸಮಿತಿಯವರು ದೂರು ದೂರಿಗೂ ತೂಗಿ ನೋಡಬೇಕು. ಕೇಸು ಸೋತದ್ದು ದುರ್ನಡತೆಯಲ್ಲ. ಒಂದು ಸಾಕ್ಷಿಯನ್ನು ಕರೆಸದೆ ಬಿಟ್ಟದ್ದು ತಪ್ಪು ನಿರ್ಧಾರವಿರಬಹುದು, ಅಪ್ರಾಮಾಣಿಕತೆ ಇಲ್ಲದಿದ್ದರೆ ಅಲ್ಲಿಗೇ ನಿಂತಿತು. ಎದುರಿನ ವಕೀಲರು ಕಠಿಣವಾಗಿ ಪ್ರಶ್ನೆ ಕೇಳಿದರೆಂಬುದೂ ದೂರಾಗದು. ಕಕ್ಷಿದಾರರ ಹಣಕ್ಕೆ ಲೆಕ್ಕವಿಡದಿರುವುದು ಬೇರೆ ಮಾತು. ಜಮ್ಮಾ ಬಾಣೆಯ (ಕೊಡಗಿನ ವಂಶಪಾರಂಪರ್ಯ ಜಮೀನಿನ) ವ್ಯಾಜ್ಯ ಗೆದ್ದರೆ ಇಷ್ಟು ಎಕರೆ, ಅಪಘಾತ ಪರಿಹಾರ ಬಂದರೆ ಇಷ್ಟು ಪಾಲು ಎಂದು ಫಲಿತಾಂಶಕ್ಕೆ ಗಂಟುಹಾಕಿ ಫೀಸು ಮಾತಾಡುವುದು ವೃತ್ತಿ ನಿಯಮಕ್ಕೆ ವಿರುದ್ಧ. ಫೀಸು ಬಾಕಿಯಿದೆಯೆಂದು ಕಡತವನ್ನು ಒತ್ತೆಯಿಟ್ಟುಕೊಳ್ಳುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.

ಒಬ್ಬರು ಬರದಿದ್ದರೆ ಏನಾಗುತ್ತದೆ

ಇಡೀ ವ್ಯವಸ್ಥೆಯ ನಾಡಿ ಇರುವುದು ಇಲ್ಲಿ. ನಡುವಿನ ವಿಚಾರಣೆಗಳು ಒಬ್ಬ ಸದಸ್ಯರು ಇಲ್ಲದಿದ್ದರೂ ನಡೆದಾವು, ಆದರೆ ಅಂತಿಮ ಆದೇಶಕ್ಕೆ ಅಧ್ಯಕ್ಷರೂ ಸೇರಿ ಮೂವರೂ ಹಾಜರಿರಬೇಕು. ಮೂವರಲ್ಲಿ ಒಬ್ಬರಿಗೆ ಅದೇ ದಿನ ಹೈಕೋರ್ಟಿನಲ್ಲಿ ಕೇಸಿದ್ದರೆ ಆದೇಶ ಮುಂದಕ್ಕೆ. ಸೋಮವಾರಪೇಟೆಯಿಂದ ಬೆಳಗಿನ ಜಾವದ ಬಸ್ಸು ಹಿಡಿದು ಬಂದವರು ಬರಿಗೈಯಲ್ಲಿ ವಾಪಸ್.

ಕಾಯ್ದೆ ಕೊಟ್ಟಿರುವ ಗಡುವು ಒಂದು ವರ್ಷ, ದೂರು ತಲುಪಿದ ದಿನದಿಂದ. ಅಷ್ಟರಲ್ಲಿ ಮುಗಿಯದಿದ್ದರೆ ಪ್ರಕರಣ ಭಾರತೀಯ ಪರಿಷತ್ತಿಗೆ ವರ್ಗವಾಗುತ್ತದೆ. ಬೆಂಗಳೂರಿಗೆ ಹೋಗಿಬರುವುದೇ ಕಷ್ಟವಾದವರಿಗೆ ಕಚೇರಿ ದೆಹಲಿಯದಾಗುತ್ತದೆ, ದೂರುದಾರರು ಅರ್ಧಕ್ಕೆ ಕೈಚೆಲ್ಲುವ ಅಪಾಯ ಹೆಚ್ಚುತ್ತದೆ. ಕರ್ನಾಟಕದಿಂದಲೇ ಬಂದ ಒಂದು ಪ್ರಕರಣದಲ್ಲಿ, 2021ರ ಡಿಸೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ ಈ ವಿಳಂಬವನ್ನು ಗಂಭೀರವಾಗಿ ತೆಗೆದುಕೊಂಡು, ರಾಜ್ಯ ಪರಿಷತ್ತುಗಳು ವರ್ಷದೊಳಗೆ ಮುಗಿಸಬೇಕು, ವರ್ಗವಾಗಿ ಬಂದವನ್ನು ಭಾರತೀಯ ಪರಿಷತ್ತೂ ವರ್ಷದೊಳಗೆ ಮುಗಿಸಬೇಕು ಎಂದಿತು.

ಹಾಗಾಗಿ ಮತ ಕೇಳಲು ಬಂದವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ತಿಂಗಳಿಗೆ ಎಷ್ಟು ದಿನ ಸಮಿತಿಗೆ ಕೊಡುತ್ತೀರಿ? ಪರಿಷತ್ತಿನ ಸತತ ಮೂರು ಸಭೆಗಳಿಗೆ ತಕ್ಕ ಕಾರಣವಿಲ್ಲದೆ ಗೈರಾದರೆಂದು ಪರಿಷತ್ತು ಘೋಷಿಸಿದರೆ ಸದಸ್ಯತ್ವವೇ ಹೋಗುತ್ತದೆ. ಆದರೆ ಈ ನಿಯಮ ಪರಿಷತ್ತಿನ ಸಭೆಗಳಿಗೆ, ಶಿಸ್ತು ಸಮಿತಿಯ ವಿಚಾರಣೆ ತಪ್ಪಿಸಿಕೊಂಡವರನ್ನು ಇದು ಹಿಡಿಯುವುದಿಲ್ಲ. ಅಲ್ಲಿ ಉಳಿದಿರುವುದು ಸದಸ್ಯರ ನಿಷ್ಠೆ ಮಾತ್ರ.

ಇನ್ನೊಂದು ಸಾಧ್ಯತೆ ಕಾಯ್ದೆಯಲ್ಲೇ ಇದೆ, ಕೊಡಗಿನವರು ಗಮನಿಸಬೇಕಾದದ್ದು. ಉಳಿದ ಸಮಿತಿಗಳು ಕೇಂದ್ರ ಕಚೇರಿಯಲ್ಲೇ ಸೇರಬೇಕು ಎನ್ನುವ ಕಾಯ್ದೆ, ಶಿಸ್ತು ಸಮಿತಿಯನ್ನು ಮಾತ್ರ ಆ ಕಟ್ಟಿನಿಂದ ಹೊರಗಿಟ್ಟಿದೆ; ಅದು ಸೇರುವ ಸಮಯ ಮತ್ತು ಸ್ಥಳವನ್ನು ನಿಯಮಗಳಿಗೆ ಬಿಟ್ಟಿದೆ. ರೈಲೇ ಇಲ್ಲದ, ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟುವ ಜಿಲ್ಲೆಯಿಂದ ಬಂದ ಸದಸ್ಯರು ಈ ವಿಷಯವನ್ನು ಎತ್ತಿದರೆ ಅದಕ್ಕೆ ತೂಕವಿರುತ್ತದೆ.

ಎಲ್ಲರೂ ಪರಿಚಿತರಾದ ಜಿಲ್ಲೆಯಲ್ಲಿ

ಬೆಂಗಳೂರಿನ ಸದಸ್ಯರಿಗೆ ಇಲ್ಲದ ತೊಡಕೊಂದು ಕೊಡಗಿನವರಿಗಿದೆ. ಇಲ್ಲಿ ವಕೀಲರು ಒಬ್ಬರಿಗೊಬ್ಬರು ಪರಿಚಿತರು, ಹಲವರು ನೆಂಟರು. ದೂರಿಗೆ ಗುರಿಯಾದವರು ತಮ್ಮದೇ ಒಕ್ಕದವರಿರಬಹುದು (ಮನೆತನದವರಿರಬಹುದು), ತಮ್ಮ ಕಚೇರಿಯಲ್ಲಿ ಜೂನಿಯರ್ ಆಗಿದ್ದವರಿರಬಹುದು, ನಿನ್ನೆಯಷ್ಟೇ ಮದುವೆ ಊಟದಲ್ಲಿ ಪಕ್ಕದಲ್ಲಿ ಕೂತಿದ್ದವರಿರಬಹುದು. ದೂರುದಾರರೂ ಗುರುತಿನವರೇ ಆಗಿರಬಹುದು.

ತನಗೆ ಸಂಬಂಧಿಸಿದ ವಿಷಯದಲ್ಲಿ ಯಾರೂ ತೀರ್ಪುಗಾರರಾಗುವಂತಿಲ್ಲ. ರಕ್ತಸಂಬಂಧ, ಹಣದ ವ್ಯವಹಾರ, ಕಚೇರಿಯ ಪಾಲುದಾರಿಕೆ, ಅದೇ ಕೇಸಿನಲ್ಲಿ ಯಾವುದೇ ಕಡೆಗೆ ಕೆಲಸ ಮಾಡಿರುವುದು, ಇವುಗಳಲ್ಲಿ ಒಂದಿದ್ದರೂ ಸದಸ್ಯರು ಮೊದಲ ದಿನವೇ ಬರವಣಿಗೆಯಲ್ಲಿ ತಿಳಿಸಿ ಹಿಂದೆ ಸರಿಯಬೇಕು. ಮೊದಲ ದಿನವೇ ಎಂಬುದು ಮುಖ್ಯ. ಅರ್ಧ ವಿಚಾರಣೆ ಆದ ಮೇಲೆ ಸರಿದರೆ ವರ್ಷದ ಗಡುವು ಅಷ್ಟು ತಿಂಗಳು ಕರಗಿರುತ್ತದೆ. ಸರಿಯದೇ ಇದ್ದರೆ ಆದೇಶವೇ ಮೇಲ್ಮನವಿಯಲ್ಲಿ ಬಿದ್ದುಹೋಗಬಹುದು. ಒಂದೇ ಕೋರ್ಟಿನಲ್ಲಿ ಕೆಲಸ ಮಾಡುತ್ತಾರೆ, ಮುಖಪರಿಚಯವಿದೆ ಎಂಬಷ್ಟಕ್ಕೇ ಸರಿಯಬೇಕಾಗಿಲ್ಲ. ಅಷ್ಟಕ್ಕೆಲ್ಲ ಸರಿದರೆ ಸಣ್ಣ ಜಿಲ್ಲೆಯವರಿಗೆ ಯಾವ ಕಡತವೂ ಉಳಿಯದು.

ಊರಿನಲ್ಲಿ ಎದುರಾಗುವ ಒತ್ತಡ ಇನ್ನೊಂದು ಬಗೆಯದು. 'ನಮ್ಮ ಹುಡುಗ, ಈ ಸಲ ಬಿಟ್ಟುಬಿಡಿ ಸರ್' ಎಂಬ ಮಾತು ಕಾಫಿ ಕುಡಿಯುವಾಗಲೂ ಬರುತ್ತದೆ. ಸದಸ್ಯರು ಕೊಡಬಹುದಾದ ಉತ್ತರ ಇಷ್ಟೇ: ಹೇಳುವುದೆಲ್ಲ ಸಮಿತಿಯ ಮುಂದೆ, ಬರವಣಿಗೆಯಲ್ಲಿ. ದೂರುದಾರರ ಜೊತೆಗೂ ಹಾಗೆಯೇ. ದೂರು ಹೇಗೆ ಬರೆಯಬೇಕೆಂದು ಹೇಳಿಕೊಟ್ಟವರು ಅದೇ ದೂರಿನ ಮೇಲೆ ತೀರ್ಪಿಗೆ ಕೂರುವಂತಿಲ್ಲ.

ನಿಲ್ಲಬೇಕೆಂದಿರುವವರು ನೋಡಿಕೊಳ್ಳಬೇಕಾದ್ದು

ಮಡಿಕೇರಿಯಿಂದ ಬೆಂಗಳೂರಿಗೆ ಸುಮಾರು 250 ಕಿಲೋಮೀಟರ್ ಇರುವುದರಿಂದ ಒಂದು ದಿನದ ಸಭೆಗೆ ಎರಡು ದಿನ ಕಳೆಯುತ್ತದೆ. ಆ ದಿನಗಳಲ್ಲಿ ನಿಮ್ಮ ಕೇಸುಗಳನ್ನು ನೋಡಿಕೊಳ್ಳುವ ಜೂನಿಯರ್ ಅಥವಾ ಸಹೋದ್ಯೋಗಿಯನ್ನು ಚುನಾವಣೆಗೆ ಮೊದಲೇ ಗೊತ್ತುಮಾಡಿಕೊಳ್ಳಿ, ಕಕ್ಷಿದಾರರಿಗೂ ತಿಳಿಸಿ. ನಿಮ್ಮ ಹೆಸರು ಮತದಾರರ ಪಟ್ಟಿಯಲ್ಲಿದೆಯೇ, ಪದವಿ ಮತ್ತು ಸನ್ನದಿನ ಪರಿಶೀಲನೆ ಮುಗಿದಿದೆಯೇ ಎಂದು ಕರಡು ಪಟ್ಟಿ ಬಂದ ವಾರದಲ್ಲೇ ನೋಡಿ. ಆಕ್ಷೇಪಣೆಯ ದಿನ ದಾಟಿದ ಮೇಲೆ ಸರಿಪಡಿಸುವುದು ಕಷ್ಟ. ಸದ್ಭಾವನೆಯಿಂದ ಮಾಡಿದ ಕೆಲಸಕ್ಕಾಗಿ ಪರಿಷತ್ತಿನ ಅಥವಾ ಸಮಿತಿಯ ಸದಸ್ಯರ ಮೇಲೆ ದಾವೆ ಹೂಡುವಂತಿಲ್ಲ, ಕಾಯ್ದೆ ಆ ರಕ್ಷಣೆ ಕೊಟ್ಟಿದೆ. ಆದರೆ ಆದೇಶಕ್ಕೆ ಕಾರಣ ಬರೆಯದೆ ಹೋದರೆ ಅದನ್ನು ಯಾವ ರಕ್ಷಣೆಯೂ ಉಳಿಸದು.

ಸಮಿತಿಯ ಆದೇಶ ಒಪ್ಪದವರು, ವಕೀಲರಿರಲಿ ದೂರುದಾರರಿರಲಿ, ಆದೇಶ ಕೈಸೇರಿದ 60 ದಿನಗಳೊಳಗೆ ಭಾರತೀಯ ಪರಿಷತ್ತಿಗೆ, ಅಲ್ಲಿಂದ ಮುಂದಿನ 60 ದಿನಗಳೊಳಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಗಬಹುದು. ಆದೇಶದ ಪ್ರತಿ ಬಂದ ಅಂಚೆ ಲಕೋಟೆಯನ್ನು ಎಸೆಯಬೇಡಿ, ದಿನ ಎಣಿಸುವಾಗ ಅದರ ಮೇಲಿನ ಮುದ್ರೆ ಬೇಕಾಗುತ್ತದೆ.